ಒತ್ತಿದ ಕೀ ಎಲ್ಲಿ ಕಳೆದುಹೋಗುತ್ತದೆ?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕಿಕೊಳ್ಳೋಣವೆಂದರೆ ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇರಬೇಕು, ಇಂಟೆಲ್ ಪ್ರೊಸೆಸರ್ ಆದರೆ ಬಹುಮಟ್ಟಿಗೆ ಎಂಟನೇ ತಲೆಮಾರಿನದೋ ಅದರ ನಂತರದ್ದೋ ಆಗಿರಬೇಕು. ಪರದೆ, ಕೀಬೋರ್ಡು, ಬ್ಯಾಟರಿ ಎಲ್ಲ ಸರಿಯಿದ್ದೂ ಈ ಷರತ್ತಿಗೆ ಹೊಂದದ ಲ್ಯಾಪ್‌ಟಾಪುಗಳು ಲೆಕ್ಕವಿಲ್ಲದಷ್ಟಿವೆ. ಅವನ್ನು ಗುಜರಿಗೆ ಹಾಕಲು ಮನಸ್ಸು ಬಾರದವರು ಈಗ ಲಿನಕ್ಸ್ ಕಡೆ ನೋಡುತ್ತಿದ್ದಾರೆ. ಪೆನ್‌ಡ್ರೈವಿನಿಂದ ಮಿಂಟನ್ನೋ ಉಬುಂಟುವನ್ನೋ ಹಾಕುತ್ತಾರೆ. ಅರ್ಧ ಗಂಟೆಯಲ್ಲಿ ವೈಫೈ ಸಿಗುತ್ತದೆ, ಕನ್ನಡ ಅಕ್ಷರ ಚೆನ್ನಾಗಿ ಕಾಣುತ್ತದೆ, ಹಳೆಯ ಯಂತ್ರ ಚುರುಕಾಗಿದೆ ಅನ್ನಿಸುತ್ತದೆ. ರಾತ್ರಿ ಪರದೆಯ ಬೆಳಕು ಕಣ್ಣಿಗೆ ಹೊಡೆಯುತ್ತದೆಂದು ಎಫ್‌ಎನ್ ಜೊತೆ ಬ್ರೈಟ್‌ನೆಸ್ ಕೀ ಒತ್ತುತ್ತಾರೆ. ಏನೂ ಆಗುವುದಿಲ್ಲ.

‘ಲಿನಕ್ಸಿನಲ್ಲಿ ಫಂಕ್ಷನ್ ಕೀ ಕೆಲಸ ಮಾಡುವುದಿಲ್ಲ’ ಎಂಬ ಮಾತು ಹುಟ್ಟುವುದು ಇಲ್ಲಿ. ಇದು ಸಣ್ಣ ತೊಂದರೆಯೆಂದು ನನಗೆ ಯಾವತ್ತೂ ಅನ್ನಿಸಿಲ್ಲ. ಆನ್‌ಲೈನ್ ತರಗತಿಯಲ್ಲಿ ಮೈಕನ್ನು ತಟ್ಟನೆ ಆರಿಸಬೇಕಾದ ಶಿಕ್ಷಕಿಗೆ, ಪರದೆಯನ್ನು ಓದಿ ಹೇಳುವ ಆರ್ಕಾ ತಂತ್ರಾಂಶವನ್ನು ನಂಬಿ ಕೆಲಸ ಮಾಡುವ ದೃಷ್ಟಿದೋಷವಿರುವ ಉದ್ಯೋಗಿಗೆ ಆ ಕೀ ಒತ್ತಿದ ಕ್ಷಣಕ್ಕೆ ಕೆಲಸವಾಗಬೇಕು. ಧ್ವನಿ ಎಷ್ಟಿದೆಯೆಂದು ಮೌಸ್ ಹಿಡಿದು ಮೂಲೆಯ ಚಿತ್ರವನ್ನು ಹುಡುಕುತ್ತ ಕೂರಲು ಅವರಿಗೆ ಆಗುವುದಿಲ್ಲ. ನೆಮ್ಮದಿಯ ವಿಷಯವೆಂದರೆ, ಈ ತೊಂದರೆಗಳಲ್ಲಿ ಹೆಚ್ಚಿನವಕ್ಕೆ ಮನೆಯಲ್ಲೇ ಮದ್ದಿದೆ. ಒತ್ತಿದ ಕೀ ಎಲ್ಲಿಯವರೆಗೆ ಹೋಗಿ ನಿಂತಿತು ಎಂದು ಮೊದಲು ಪತ್ತೆ ಮಾಡಬೇಕು, ಅಷ್ಟೆ. ಅದನ್ನು ಬಿಟ್ಟು ಯಾರೋ ಎಲ್ಲೋ ಬರೆದ ಆಜ್ಞೆಯನ್ನು ತಂದು ಟರ್ಮಿನಲ್‌ಗೆ ಸುರಿದರೆ, ಇದ್ದ ತೊಂದರೆಯ ಜೊತೆಗೆ ಇನ್ನೊಂದು ಸೇರಿಕೊಳ್ಳುತ್ತದೆ.

ಊರಲ್ಲಿ ಬೆಂಕಿ ಬಿದ್ದಾಗ ಜನ ಬಾವಿಯಿಂದ ಮನೆಯ ತನಕ ಸಾಲಾಗಿ ನಿಂತು ನೀರಿನ ಕೊಡವನ್ನು ಕೈಯಿಂದ ಕೈಗೆ ದಾಟಿಸುತ್ತಾರಲ್ಲ, ಒತ್ತಿದ ಕೀಯ ಪ್ರಯಾಣವೂ ಹಾಗೆಯೇ. ಸಾಲಿನ ಮೊದಲ ಕೈ ಎಂಬೆಡೆಡ್ ಕಂಟ್ರೋಲರ್, ಚಿಕ್ಕದಾಗಿ ಇಸಿ. ಇದು ಮದರ್‌ಬೋರ್ಡಿನ ಮೇಲೆ ಕೂತ ಬೇರೆಯದೇ ಪುಟ್ಟ ಕಂಪ್ಯೂಟರ್. ಕೀಬೋರ್ಡಿನ ತಂತಿಗಳನ್ನು ನೋಡಿಕೊಳ್ಳುವುದು, ಫ್ಯಾನ್ ತಿರುಗಿಸುವುದು, ಬ್ಯಾಟರಿ ಚಾರ್ಜಾಗುವುದನ್ನು ಗಮನಿಸುವುದು ಅದರ ಕೆಲಸ. ನಾವು ಹಾಕುವ ಆಪರೇಟಿಂಗ್ ಸಿಸ್ಟಂ ಯಾವುದೇ ಇರಲಿ, ಇಸಿಯೊಳಗಿನ ತಂತ್ರಾಂಶ ತಯಾರಕರು ಬರೆದು ಮುಚ್ಚಿಟ್ಟದ್ದು. ಎಫ್‌ಎನ್ ಕೀಯ ಗುಟ್ಟೂ ಇಲ್ಲೇ ಇದೆ. ಅದು ಶಿಫ್ಟ್, ಕಂಟ್ರೋಲ್‌ಗಳಂತಲ್ಲ, ಸಾಮಾನ್ಯವಾಗಿ ಲಿನಕ್ಸ್ ತನಕ ಬರುವುದೇ ಇಲ್ಲ. ಎಫ್‌ಎನ್ ಒತ್ತಿದ್ದನ್ನು ಇಸಿ ತನ್ನಲ್ಲೇ ಇಟ್ಟುಕೊಂಡು, ಅದರ ಜೊತೆ ಇನ್ನಾವ ಕೀ ಬಿತ್ತು ಎಂದು ನೋಡಿ, ಮುಂದೇನು ಮಾಡಬೇಕೆಂದು ತಾನೇ ತೀರ್ಮಾನಿಸುತ್ತದೆ.

ಅದು ಹಿಡಿಯುವ ದಾರಿಗಳು ಮುಖ್ಯವಾಗಿ ಮೂರು. ಒಂದು, ‘ಎ’ ಅಥವಾ ‘ಎಂಟರ್’ ಒತ್ತಿದಾಗ ಕಳಿಸುವ ಹಾಗೆಯೇ ಸ್ಕ್ಯಾನ್‌ಕೋಡ್ ಎಂಬ ಸಂಖ್ಯೆಯೊಂದನ್ನು ಕೀಬೋರ್ಡಿನ ಮಾಮೂಲಿ ದಾರಿಯಲ್ಲೇ ಕಳಿಸುವುದು. ಎರಡು, ಕೀಬೋರ್ಡಿನ ದಾರಿ ಬಿಟ್ಟು ಎಸಿಪಿಐ ಮೂಲಕ ‘ಏನೋ ಆಗಿದೆ, ಬಂದು ನೋಡಿ’ ಎಂದು ಕರೆ ಕೊಡುವುದು. ಎಸಿಪಿಐ ಎಂಬುದು ಇಂಟೆಲ್, ಮೈಕ್ರೋಸಾಫ್ಟ್, ತೋಷಿಬಾ ಕೂಡಿ 1996ರ ಡಿಸೆಂಬರಿನಲ್ಲಿ ಹೊರತಂದ ನಿಯಮಾವಳಿ. ವಿದ್ಯುತ್ ಬಳಕೆ, ನಿದ್ರೆ, ಮುಚ್ಚಳ ತೆರೆಯುವುದು ಮುಂತಾದ ಸಂಗತಿಗಳಲ್ಲಿ ಬಯೋಸ್ ಮತ್ತು ಆಪರೇಟಿಂಗ್ ಸಿಸ್ಟಂ ಮಾತಾಡಿಕೊಳ್ಳುವುದು ಇದರ ಮೂಲಕ. ಇದರ ಮೇಲೆ ವಿಂಡೋಸ್‌ಗೆಂದು ಕಟ್ಟಿದ ಡಬ್ಲ್ಯುಎಂಐ ಎಂಬ ಇನ್ನೊಂದು ಪದರವನ್ನು ಅನೇಕ ಕಂಪನಿಗಳು ಬಳಸುತ್ತವೆ. ಮೂರನೆಯ ದಾರಿಯಲ್ಲಿ ಇಸಿ ಯಾರಿಗೂ ಹೇಳದೆ ಕೆಲಸವನ್ನು ತಾನೇ ಮಾಡಿ ಮುಗಿಸುತ್ತದೆ. ಥಿಂಕ್‌ಪ್ಯಾಡ್‌ಗಳಲ್ಲಿ ಎಫ್‌ಎನ್ ಜೊತೆ ಸ್ಪೇಸ್‌ಬಾರ್ ಒತ್ತಿದರೆ ಕೀಬೋರ್ಡಿನ ದೀಪ ಹತ್ತುವುದು ಹೀಗೆಯೇ.

ಒಂದೇ ಲ್ಯಾಪ್‌ಟಾಪಿನ ಒಂದೇ ಸಾಲಿನ ಹನ್ನೆರಡು ಕೀಗಳಲ್ಲಿ ಈ ಮೂರೂ ಬಗೆ ಸೇರಿರಬಹುದು. ಧ್ವನಿಯ ಕೀ ಸರಿಯಾಗಿದ್ದು ಬೆಳಕಿನದು ಕೈಕೊಡುವುದು, ದೀಪ ಹತ್ತಿದರೂ ಟಚ್‌ಪ್ಯಾಡ್ ಕೀ ಸತ್ತಂತಿರುವುದು, ಇವಕ್ಕೆಲ್ಲ ಕಾರಣ ಇದು. ಒಂದಕ್ಕೆ ಕೊಟ್ಟ ಮದ್ದು ಪಕ್ಕದ ಕೀಗೆ ನಾಟದಿರುವುದೂ ಇದರಿಂದಲೇ.

ಹುಡುಕಾಟಕ್ಕೆ ಇಳಿಯುವ ಮೊದಲು ಒಂದು ಸುಲಭದ ಪರೀಕ್ಷೆ ಮಾಡಬೇಕು. ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಎಫ್‌ಎನ್ ಲಾಕ್ ಇರುತ್ತದೆ. ಎಫ್‌ಎನ್ ಜೊತೆ ಎಸ್ಕೇಪ್ ಒತ್ತಿದರೆ ಅದು ತಿರುವುಮುರುವಾಗುತ್ತದೆ. ಆಮೇಲೆ ಎಫ್5 ಒತ್ತಿದರೆ ಪುಟ ಮತ್ತೆ ಲೋಡ್ ಆಗುವ ಬದಲು ಪರದೆಯ ಬೆಳಕು ಕುಗ್ಗಬಹುದು, ಅಥವಾ ಇದಕ್ಕೆ ಉಲ್ಟಾ ಆಗಬಹುದು. ಬಯೋಸ್ ಸೆಟ್ಟಿಂಗಿನಲ್ಲೂ ಇದೇ ಆಯ್ಕೆ ಇರುತ್ತದೆ. ಎಚ್‌ಪಿಯಲ್ಲಿ ಇದರ ಹೆಸರು ಆಕ್ಷನ್ ಕೀಸ್ ಮೋಡ್, ಲೆನೊವೊದಲ್ಲಿ ಹಾಟ್‌ಕೀ ಮೋಡ್. ಆಪಲ್ ಕೀಬೋರ್ಡ್ ಇದ್ದವರು ಬಯೋಸ್‌ಗೆ ಹೋಗಬೇಕಿಲ್ಲ. ಎಚ್‌ಐಡಿ ಆಪಲ್ ಎಂಬ ಡ್ರೈವರಿನಲ್ಲಿ ಎಫ್‌ಎನ್ ಮೋಡ್ ಎಂಬ ಆಯ್ಕೆಯಿದೆ. ಅದಕ್ಕೆ 2 ಎಂದು ಕೊಟ್ಟರೆ ಎಫ್1ರಿಂದ ಎಫ್12ರ ತನಕ ಮಾಮೂಲಿ ಫಂಕ್ಷನ್ ಕೀಗಳಾಗುತ್ತವೆ, 1 ಎಂದರೆ ಧ್ವನಿ ಬೆಳಕುಗಳ ಕೆಲಸ ಮೊದಲು ಬರುತ್ತದೆ.

ಇಷ್ಟರಲ್ಲಿ ಬಗೆಹರಿಯದಿದ್ದರೆ ಟರ್ಮಿನಲ್ ತೆರೆಯಬೇಕು. ಇಲ್ಲಿ ನನ್ನ ನೆಚ್ಚಿನ ಉಪಕರಣ ಈವಿಟೆಸ್ಟ್. ಸುಡೊ ಸೇರಿಸಿ ಓಡಿಸಿದರೆ ಯಂತ್ರದಲ್ಲಿ ಲಿನಕ್ಸ್ ಗುರುತಿಸಿರುವ ಇನ್‌ಪುಟ್ ಸಾಧನಗಳ ಪಟ್ಟಿ ಕಾಣುತ್ತದೆ. ಮೊದಲ ಸಲ ನೋಡಿದವರಿಗೆ ಅಚ್ಚರಿಯಾಗುವಷ್ಟು ಉದ್ದದ ಪಟ್ಟಿ. ಎಟಿ ಟ್ರಾನ್ಸ್‌ಲೇಟೆಡ್ ಸೆಟ್ 2 ಕೀಬೋರ್ಡ್ ಎಂದಿರುವುದು ಮಾಮೂಲಿ ಕೀಬೋರ್ಡ್. ವಿಡಿಯೊ ಬಸ್ ಎಂದಿರುವುದರ ಮೂಲಕ ಎಸಿಪಿಐ ದಾರಿಯ ಬ್ರೈಟ್‌ನೆಸ್ ಕೀಗಳು ಬರುತ್ತವೆ. ಪವರ್ ಬಟನ್, ಮುಚ್ಚಳದ ಸ್ವಿಚ್ ಬೇರೆ ಬೇರೆಯಾಗಿರುತ್ತವೆ. ಕಂಪನಿಯ ಹೆಸರಿನ ಜೊತೆ ಡಬ್ಲ್ಯುಎಂಐ ಹಾಟ್‌ಕೀಸ್ ಎಂದು ಕಂಡರೆ, ಆ ಕಂಪನಿಯ ಯಂತ್ರಗಳಿಗೆಂದು ಯಾರೋ ಪುಣ್ಯಾತ್ಮರು ಡ್ರೈವರ್ ಬರೆದಿದ್ದಾರೆ, ಅದು ಲೋಡ್ ಆಗಿದೆ ಎಂದರ್ಥ. ಒಂದೊಂದನ್ನೇ ಆರಿಸಿ ಕೆಲಸ ಮಾಡದ ಕೀಯನ್ನು ಒತ್ತಿ ನೋಡಬೇಕು. ಯಾವುದಾದರೂ ಒಂದರಲ್ಲಿ ಸಾಲೊಂದು ಮೂಡಿದರೆ ಲಿನಕ್ಸಿನ ತಿರುಳಾದ ಕರ್ನಲ್ ತನಕ ಸುದ್ದಿ ಬಂದಿದೆ ಎಂದಾಯಿತು. ಒಂದೊಂದಾಗಿ ನೋಡಲು ಬೇಸರವಾದರೆ ಲಿಬ್‌ಇನ್‌ಪುಟ್‌ನ ಡೀಬಗ್ ಈವೆಂಟ್ಸ್ ಎಲ್ಲವನ್ನೂ ಒಟ್ಟಿಗೇ ತೋರಿಸುತ್ತದೆ. ಪಾಸ್‌ವರ್ಡ್ ಬಯಲಾಗಬಾರದೆಂದು ಅದು ಸಾಮಾನ್ಯ ಕೀಗಳ ಹೆಸರನ್ನು ಮರೆಮಾಡುತ್ತದೆ, ಬೇಕೆಂದರೆ ಶೋ ಕೀಕೋಡ್ಸ್ ಎಂಬ ಆಯ್ಕೆ ಸೇರಿಸಬೇಕು.

ಎಲ್ಲೂ ಕೀಯ ಹೆಸರು ಮೂಡದಿದ್ದರೆ ಕರ್ನಲ್‌ನ ದಿನಚರಿ ನೋಡಬೇಕು. ಡಿಮೆಸೇಜ್ ಎಂದು ನಾವು ಕರೆಯುವ ಆಜ್ಞೆ ಅದನ್ನು ತೋರಿಸುತ್ತದೆ. ನನ್ನ ಪರಿಚಯದ ಉಪನ್ಯಾಸಕಿಯೊಬ್ಬರ ಲ್ಯಾಪ್‌ಟಾಪಿನಲ್ಲಿ ಮೈಕ್ ಆರಿಸುವ ಕೀ ಕೆಲಸ ಮಾಡುತ್ತಿರಲಿಲ್ಲ. ಕೀ ಒತ್ತಿ ಆ ದಿನಚರಿ ನೋಡಿದರೆ ಕೊನೆಯಲ್ಲಿ ಎರಡು ಸಾಲು ಹೊಸದಾಗಿ ಬಂದಿದ್ದವು. ಗುರುತಿಲ್ಲದ ಕೀಯೊಂದನ್ನು ಒತ್ತಲಾಗಿದೆ, ಅದರ ಕೋಡ್ 81 ಎಂದು ಮೊದಲ ಸಾಲು. ಇದನ್ನು ಪರಿಚಯಿಸಲು ಸೆಟ್‌ಕೀಕೋಡ್ಸ್ ಬಳಸಿ ಎಂದು ಎರಡನೆಯದು. ಇದನ್ನು ಬರೆದವನು ಎಟಿಕೆಬಿಡಿ ಎಂಬ ಕೀಬೋರ್ಡ್ ಡ್ರೈವರ್. ಇಸಿ ತನ್ನ ಕೆಲಸ ಮಾಡಿದೆ, ಸಂಖ್ಯೆಯನ್ನು ಕಳಿಸಿದೆ. ಆದರೆ 81 ಎಂದರೆ ಮೈಕ್ ಎಂಬ ಸಂಗತಿ ಡ್ರೈವರಿನ ಪಟ್ಟಿಯಲ್ಲಿಲ್ಲ. ಹೀಗೆ ಕಂಪನಿಗಳು ತಮತಮಗೆ ತೋಚಿದ ಸಂಖ್ಯೆಯನ್ನು ತಮ್ಮ ಹೊಸ ಕೀಗಳಿಗೆ ಕೊಡುತ್ತ ಬಂದಿವೆ. ವಿಂಡೋಸ್‌ಗಾದರೆ ಅದರ ಅರ್ಥ ಹೇಳುವ ತಂತ್ರಾಂಶವನ್ನೂ ಕಂಪನಿಯೇ ಜೊತೆಗೆ ಕೊಟ್ಟಿರುತ್ತದೆ. ಲಿನಕ್ಸಿಗೆ ಅದನ್ನು ಬಳಸುವವರೇ ಹೇಳಿಕೊಡಬೇಕು.

ಸೆಟ್‌ಕೀಕೋಡ್ಸ್ ಬಳಸಿದರೆ ಕೀ ಆಗಲೇ ಜೀವ ಪಡೆಯುತ್ತದೆ, ಯಂತ್ರವನ್ನು ಆರಿಸಿ ಹೊತ್ತಿಸಿದರೆ ಮತ್ತೆ ಮೊದಲಿನಂತೆಯೇ. ಉಳಿಯುವಂಥ ಪರಿಹಾರವೆಂದರೆ, ಸಾಧನಗಳನ್ನು ನೋಡಿಕೊಳ್ಳುವ ಯುಡೆವ್‌ನ ಹಾರ್ಡ್‌ವೇರ್ ಡೇಟಾಬೇಸ್. ಈಟಿಸಿ ಫೋಲ್ಡರಿನೊಳಗೆ ಯುಡೆವ್, ಅದರೊಳಗೆ ಎಚ್‌ಡಬ್ಲ್ಯುಡಿಬಿ.ಡಿ ಹೆಸರಿನ ಫೋಲ್ಡರ್ ಇರುತ್ತದೆ. ಅಲ್ಲಿ ಹೊಸ ಪಠ್ಯ ಕಡತವೊಂದನ್ನು ಮಾಡಿ ಎರಡೇ ಸಾಲು ಬರೆದರೆ ಸಾಕು. ಮೊದಲ ಸಾಲು ಇದು ಯಾವ ಲ್ಯಾಪ್‌ಟಾಪಿಗೆ ಅನ್ವಯಿಸುತ್ತದೆ ಎಂದು ಹೇಳುತ್ತದೆ: ತಯಾರಕರ ಹೆಸರು, ಮಾದರಿಯ ಹೆಸರು, ಬಯೋಸ್‌ನಲ್ಲಿ ಇರುವಂತೆಯೇ. ಎರಡನೆಯ ಸಾಲು ಸ್ಕ್ಯಾನ್‌ಕೋಡ್ 81 ಬಂದರೆ ಅದನ್ನು ಯಾವ ಕೀಯೆಂದು ತಿಳಿಯಬೇಕು ಎಂದು ಹೇಳುತ್ತದೆ. ಈ ಎರಡನೆಯ ಸಾಲಿನ ಮೊದಲಿಗೆ ಒಂದು ಸ್ಪೇಸ್ ಬಿಡಲೇಬೇಕು. ಅದನ್ನು ಬಿಡದಿದ್ದರೆ ಆ ಸಾಲು ಮೊದಲ ಸಾಲಿಗೆ ಸೇರಿದ್ದೆಂದು ಯುಡೆವ್‌ಗೆ ಗೊತ್ತಾಗುವುದಿಲ್ಲ, ಕಡತವಿದ್ದೂ ಇಲ್ಲದಂತೆ. ಉಳಿಸಿದ ಮೇಲೆ ಡೇಟಾಬೇಸನ್ನು ಹೊಸದಾಗಿ ಕಟ್ಟಲು ಸಿಸ್ಟಂಡಿ ಎಚ್‌ಡಬ್ಲ್ಯುಡಿಬಿಯ ಅಪ್‌ಡೇಟ್ ಆಜ್ಞೆ, ಅದನ್ನು ಸಾಧನಗಳಿಗೆ ಮುಟ್ಟಿಸಲು ಯುಡೆವ್‌ಎಡಿಎಂನ ಟ್ರಿಗರ್ ಆಜ್ಞೆ. ರೀಸ್ಟಾರ್ಟ್ ಕೂಡ ಬೇಕಿಲ್ಲ.

ಎರಡನೆಯ ಸಾಲಿನಲ್ಲಿ ಮೈಕ್‌ಮ್ಯೂಟ್ ಎಂದು ಬರೆಯುವುದೇ ಸಹಜ ಅನ್ನಿಸುತ್ತದೆ. ಆದರೆ ಬಹುಕಾಲದ ರೂಢಿಯೆಂದರೆ ಅಲ್ಲಿ ಎಫ್20 ಎಂದು ಬರೆಯುವುದು. ನಮ್ಮ ಕೀಬೋರ್ಡುಗಳಲ್ಲಿ ಎಫ್12ಕ್ಕೇ ಸಾಲು ಮುಗಿಯುತ್ತದೆ, ಈ ಎಫ್20 ಎಲ್ಲಿಂದ ಬಂತು? ಇದರ ಹಿಂದೆ ಹಳೆಯ ಕಥೆಯಿದೆ. ಲಿನಕ್ಸಿನಲ್ಲಿ ಕಿಟಕಿಗಳನ್ನೆಲ್ಲ ದಶಕಗಳ ಕಾಲ ತೋರಿಸಿದ್ದು ಎಕ್ಸ್11 ವ್ಯವಸ್ಥೆ. ಅದು ಹೊರಬಂದದ್ದು 1987ರಲ್ಲಿ. ಆಗ ಅದರಲ್ಲಿ ಕೀಗಳಿಗೆ ಕೊಟ್ಟ ಸಂಖ್ಯೆಗಳು 8ರಿಂದ 255ರವರೆಗೆ. ಅಷ್ಟು ಕೀಗಳಿರುವ ಕೀಬೋರ್ಡನ್ನು ಆಗ ಯಾರು ಊಹಿಸಿದ್ದರು! ಕರ್ನಲ್ ತನ್ನ ಕೀಗಳಿಗೆ ತನ್ನದೇ ಸಂಖ್ಯೆ ಕೊಟ್ಟಿದೆ. ಧ್ವನಿ ಹೆಚ್ಚಿಸುವ ಕೀ 115, ಬೆಳಕು ಹೆಚ್ಚಿಸುವುದು 225. ಇವು ಎಕ್ಸ್‌ಗೆ ಹೋಗುವಾಗ ಎಂಟು ಸೇರಿಕೊಳ್ಳುತ್ತದೆ. ಅಂದರೆ ಕರ್ನಲ್‌ನಲ್ಲಿ 247ರವರೆಗಿನ ಕೀಗಳು ಮಾತ್ರ ಎಕ್ಸ್‌ಗೆ ಕಾಣುತ್ತವೆ. ಮೈಕ್ ಆರಿಸುವ ಕೀಯ ಸಂಖ್ಯೆ 248. ಒಂದೇ ಒಂದು ಅಂಕೆಯಿಂದ ಅದು ಬಾಗಿಲಾಚೆ ಉಳಿಯಿತು. ಹಾಗಾಗಿ ಯಾರೂ ಬಳಸದ ಎಫ್20ರ ಜಾಗವನ್ನು ಅದಕ್ಕೆ ಬಿಟ್ಟುಕೊಟ್ಟು, ಮುಂದಿನ ಪದರದಲ್ಲಿ ಎಫ್20 ಬಂದರೆ ಮೈಕ್ ಎಂದು ತಿಳಿಯುವ ಏರ್ಪಾಡಾಯಿತು. ಟಚ್‌ಪ್ಯಾಡ್ ಆರಿಸುವ ಕೀಗೆ ಎಫ್21 ಸಿಕ್ಕಿತು. ಎಕ್ಸ್‌ನ ಜಾಗಕ್ಕೆ ವೇಲ್ಯಾಂಡ್ ಬಂದ ಮೇಲೆ ಈ ಗಡಿಯ ಕಾಟ ತಪ್ಪಿದೆ. ಆದರೂ ಹಳೆಯ ಏರ್ಪಾಡನ್ನು ಕೀಳದೆ ಉಳಿಸಿಕೊಂಡಿದ್ದಾರೆ, ಎಕ್ಸ್ ಬಳಸುವವರು ಇನ್ನೂ ಇದ್ದಾರೆಂದು. ಇಂಥ ಕಡೆ ಲಿನಕ್ಸ್ ಬರೆಯುವವರ ತಾಳ್ಮೆ ನನಗೆ ಬಹಳ ಇಷ್ಟವಾಗುತ್ತದೆ.

ಆ ಉಪನ್ಯಾಸಕಿಯ ಕೀ ಈ ಎರಡು ಸಾಲಿನಿಂದ ಸರಿಹೋಯಿತು, ಅದರ ಮೇಲಿನ ಪುಟ್ಟ ಕೆಂಪು ದೀಪ ಮಾತ್ರ ಹತ್ತಲಿಲ್ಲ. ದೀಪದ್ದು ಬೇರೆಯದೇ ದಾರಿ. ಮೈಕ್ ಆರಿದ ಸುದ್ದಿಯನ್ನು ಕರ್ನಲ್‌ನ ಧ್ವನಿ ವಿಭಾಗವು ದೀಪಕ್ಕೆ ಮುಟ್ಟಿಸಬೇಕು, ಆ ಮಾದರಿಯ ದೀಪ ಎಲ್ಲಿದೆಯೆಂದು ಅದಕ್ಕೆ ಗೊತ್ತಿರಬೇಕು. ಅದು ಹೊಸ ಕರ್ನಲ್‌ಗೆ ಕಾಯಬೇಕಾದ ಕೆಲಸ.

ಇದೇ ಕಡತದಿಂದ ಸರಿಹೋಗುವ ಇನ್ನೊಂದು ಕಾಯಿಲೆಯಿದೆ, ನೋಡಿದವರಿಗೆ ಗಾಬರಿ ಹುಟ್ಟಿಸುವಂಥದ್ದು. ಧ್ವನಿ ಹೆಚ್ಚಿಸುವ ಕೀಯನ್ನು ಒಮ್ಮೆ ಒತ್ತಿ ಬಿಟ್ಟರೂ ಧ್ವನಿ ಏರುತ್ತಲೇ ಹೋಗಿ ನೂರಕ್ಕೆ ಮುಟ್ಟುತ್ತದೆ, ಬೇರೆ ಕೀ ಒತ್ತುವ ತನಕ ನಿಲ್ಲುವುದಿಲ್ಲ. ಕೀ ಒತ್ತಿದಾಗ ಒಂದು ಸುದ್ದಿ, ಬಿಟ್ಟಾಗ ಇನ್ನೊಂದು ಸುದ್ದಿ ಬರಬೇಕು. ಕೆಲವು ಇಸಿಗಳು ಒತ್ತಿದ್ದನ್ನು ಮಾತ್ರ ಹೇಳಿ ಸುಮ್ಮನಾಗುತ್ತವೆ. ಬೆರಳು ಇನ್ನೂ ಅಲ್ಲೇ ಇದೆಯೆಂದು ಲಿನಕ್ಸ್ ನಂಬುತ್ತದೆ. ಕೀಯ ಹೆಸರಿನ ಹಿಂದೆ ಒಂದು ಆಶ್ಚರ್ಯಸೂಚಕ ಚಿಹ್ನೆ ಸೇರಿಸಿದರೆ, ಬಿಟ್ಟ ಸುದ್ದಿಯನ್ನು ಕರ್ನಲ್ ತಾನೇ ಸೇರಿಸಿಕೊಳ್ಳುತ್ತದೆ.

ಬ್ರೈಟ್‌ನೆಸ್ ಕೀಯ ತೊಂದರೆ ಇವೆಲ್ಲಕ್ಕಿಂತ ಜಟಿಲ, ಜನ ಹೆಚ್ಚು ಎಡವುವುದೂ ಇಲ್ಲೇ. ಕೀ ಒತ್ತಿದಾಗ ಪರದೆಯ ಮೇಲೆ ಸೂರ್ಯನ ಚಿತ್ರವೂ ಪಟ್ಟಿಯೂ ಮೂಡಿ, ಪಟ್ಟಿ ಏರಿಳಿದು, ಪರದೆ ಮಾತ್ರ ಹಾಗೆಯೇ ಇದ್ದರೆ ಕೀಯಲ್ಲಿ ದೋಷವೇ ಇಲ್ಲ. ಸುದ್ದಿ ಡೆಸ್ಕ್‌ಟಾಪ್ ತನಕ ತಲುಪಿದೆ, ಅದು ಆಜ್ಞೆಯನ್ನೂ ಕೊಟ್ಟಿದೆ. ಆಜ್ಞೆ ತಪ್ಪು ವಿಳಾಸಕ್ಕೆ ಹೋಗಿದೆ. ಪರದೆಯ ಹಿಂದಿನ ಬೆಳಕನ್ನು ಬದಲಿಸಲು ಲಿನಕ್ಸಿಗೆ ಮೂರು ಬಾಗಿಲುಗಳಿವೆ: ಗ್ರಾಫಿಕ್ಸ್ ಚಿಪ್‌ನ ಸ್ವಂತ ಡ್ರೈವರ್, ಎಸಿಪಿಐ ವಿಡಿಯೊ, ಇಲ್ಲವೇ ಲ್ಯಾಪ್‌ಟಾಪ್ ಕಂಪನಿಯ ಡ್ರೈವರ್. ಸಿಸ್ ಫೋಲ್ಡರಿನೊಳಗೆ ಕ್ಲಾಸ್, ಅದರೊಳಗೆ ಬ್ಯಾಕ್‌ಲೈಟ್ ಎಂಬಲ್ಲಿ ನೋಡಿದರೆ ಈಗ ತೆರೆದಿರುವ ಬಾಗಿಲು ಯಾವುದೆಂದು ತಿಳಿಯುತ್ತದೆ. ಇಂಟೆಲ್ ಬ್ಯಾಕ್‌ಲೈಟ್ ಎಂದಿದ್ದರೆ ಮೊದಲನೆಯದು, ಎಸಿಪಿಐ ವಿಡಿಯೊ0 ಎಂದಿದ್ದರೆ ಎರಡನೆಯದು.

2012ರಲ್ಲಿ ವಿಂಡೋಸ್ 8 ಬಂದಾಗ ಬೆಳಕಿನ ಹೊಣೆಯನ್ನು ಆಪರೇಟಿಂಗ್ ಸಿಸ್ಟಂ ತಾನೇ ವಹಿಸಿಕೊಂಡಿತು. ಅಂದಿನಿಂದ ಅನೇಕ ಬಯೋಸ್‌ಗಳು ಶುರುವಿನಲ್ಲೇ ಒಂದು ಪ್ರಶ್ನೆ ಕೇಳತೊಡಗಿದವು: ನೀನು ವಿಂಡೋಸ್ 8 ಹೌದೋ? ಹೌದೆಂದರೆ ಬೆಳಕಿನ ಗೊಡವೆಯಿಂದ ಅವು ಹಿಂದೆ ಸರಿಯುತ್ತವೆ. ಲಿನಕ್ಸ್ ಈ ಪ್ರಶ್ನೆಗೆ ಹೌದೆಂದೇ ಉತ್ತರಿಸುತ್ತದೆ. ತಯಾರಕರು ಪರೀಕ್ಷಿಸಿರುವುದು ವಿಂಡೋಸ್ ದಾರಿಯನ್ನು ಮಾತ್ರ, ಬೇರೆ ಉತ್ತರ ಕೊಟ್ಟರೆ ಯಾರೂ ಕಾಲಿಡದ ದಾರಿಗೆ ಬೀಳಬೇಕಾಗುತ್ತದೆ ಎಂಬುದು ಅದರ ಲೆಕ್ಕ. ನೀನು ಲಿನಕ್ಸ್ ಹೌದೋ ಎಂದು ಬಯೋಸ್ ಕೇಳಿದರೆ ಲಿನಕ್ಸ್ ಅಲ್ಲ ಎನ್ನುತ್ತದೆ, ಅದೂ ಇದೇ ಕಾರಣಕ್ಕೆ. ಆ ದಿನಗಳಲ್ಲಿ ಹೌದೆಂದ ಮೇಲೆ ಬಯೋಸ್ ಕೈಬಿಟ್ಟರೂ ಎಸಿಪಿಐ ವಿಡಿಯೊ ಬಾಗಿಲು ತೆರೆದೇ ಇರುತ್ತಿತ್ತು, ಡೆಸ್ಕ್‌ಟಾಪ್ ಅದನ್ನೇ ತಟ್ಟುತ್ತಿತ್ತು, ಒಳಗೆ ಯಾರೂ ಇರುತ್ತಿರಲಿಲ್ಲ. ಆಗ ಹುಟ್ಟಿದ್ದು ಎಸಿಪಿಐ ಬ್ಯಾಕ್‌ಲೈಟ್, ಎಸಿಪಿಐ ಓಎಸ್‌ಐ ಎಂಬ ಬೂಟ್ ಆಯ್ಕೆಗಳ ಸಲಹೆಗಳು. ಅವು ಆಗ ಎಷ್ಟೋ ಜನರಿಗೆ ನೆರವಾದವು.

ಆ ಹಳೆಯ ಸಲಹೆಗಳು ಇಂದಿಗೂ ಎಲ್ಲ ಕಡೆ ಸಿಗುತ್ತವೆ, ಜನ ಹಾಗೆಯೇ ನಕಲು ಮಾಡುತ್ತಾರೆ. ನನ್ನ ಕಳಕಳಿ ಇದು: ದಯವಿಟ್ಟು ಮೊದಲು ಆ ಸಲಹೆಯ ವರ್ಷ ನೋಡಿ. ಕರ್ನಲ್ 6.1ರಲ್ಲಿ ಡೆವಲಪರ್ ಹ್ಯಾನ್ಸ್ ಡಿ ಗೂಡ ಈ ಭಾಗವನ್ನು ಬುಡದಿಂದ ಸರಿಪಡಿಸಿ, ಒಂದು ಪರದೆಗೆ ಒಂದೇ ಬಾಗಿಲು ತೆರೆಯುವಂತೆ ಮಾಡಿದ ಮೇಲೆ ಬಹಳಷ್ಟು ಲ್ಯಾಪ್‌ಟಾಪುಗಳಿಗೆ ಯಾವ ಆಯ್ಕೆಯೂ ಬೇಕಿಲ್ಲ. ಹಳೆಯ ಆಯ್ಕೆ ಉಳಿದುಕೊಂಡಿದ್ದರೆ ಅದೇ ಈಗ ಅಡ್ಡಗಾಲು. ಓಎಸ್‌ಐ ಆಯ್ಕೆಯಂತೂ ಬೆಳಕಿಗೆ ಮಾತ್ರ ಸೀಮಿತವಲ್ಲ. ಅದು ಬಯೋಸ್‌ನ ಉಳಿದ ನಡವಳಿಕೆಯನ್ನೂ ಬದಲಿಸುವುದರಿಂದ ನಿದ್ರೆಗೆ ಹೋದ ಯಂತ್ರ ಏಳದಿರಬಹುದು, ಟಚ್‌ಪ್ಯಾಡ್ ಕೆಡಬಹುದು. ಏನನ್ನಾದರೂ ಪ್ರಯತ್ನಿಸಲೇಬೇಕು ಅನ್ನಿಸಿದರೆ ಕಡತಕ್ಕೆ ಬರೆಯದೆ ಒಂದು ಸಲಕ್ಕೆ ಮಾತ್ರ ನೋಡಿ. ಯಂತ್ರ ಶುರುವಾಗುವಾಗ ಗ್ರಬ್ ಮೆನು ಬಂದಾಗ ‘ಇ’ ಒತ್ತಿ, ಲಿನಕ್ಸ್ ಎಂದು ಶುರುವಾಗುವ ಸಾಲಿನ ಕೊನೆಗೆ ಎಸಿಪಿಐ ಬ್ಯಾಕ್‌ಲೈಟ್ ಸಮ ನೇಟಿವ್ ಎಂದೋ ವೆಂಡರ್ ಎಂದೋ ಸೇರಿಸಿ ಕಂಟ್ರೋಲ್ ಜೊತೆ ಎಕ್ಸ್ ಒತ್ತಿದರೆ ಆ ಸಲಕ್ಕಷ್ಟೆ ಅದು ಜಾರಿಯಾಗುತ್ತದೆ. ಪರದೆ ಕಪ್ಪಾಗಿಯೇ ಉಳಿದರೂ ಚಿಂತೆಯಿಲ್ಲ, ಮರುಬೂಟ್ ಮಾಡಿದರೆ ಎಲ್ಲ ಮೊದಲಿನಂತೆ.

ಕರ್ನಲ್ ದಾಟಿದ ಮೇಲೆ ಕೀಗೆ ಹೆಸರಿಡುವ ಪದರ ಬರುತ್ತದೆ, ಎಕ್ಸ್‌ಕೆಬಿ. ಕನ್ನಡದವರಿಗೆ ಇದು ಪರಿಚಿತ ಜಾಗವೇ. ‘ಕೆ’ ಒತ್ತಿದಾಗ ‘ಕ’ ಮೂಡಿಸುವ, ಕೆ.ಪಿ. ರಾಯರ ವಿನ್ಯಾಸವನ್ನು ಆಧರಿಸಿದ ಕಗಪ ಕೀಲಿಮಣೆ ಲಿನಕ್ಸಿನಲ್ಲಿ ಬೇರೆ ತಂತ್ರಾಂಶದ ಹಂಗಿಲ್ಲದೆ ಸಿಗುತ್ತದಲ್ಲ, ಅದು ಇರುವುದು ಇದೇ ಸಂಗ್ರಹದಲ್ಲಿ. ಭಾಷೆಯ ಕೀಗಳ ಪಟ್ಟಿಯೂ ಧ್ವನಿ, ಬೆಳಕು, ಹಾಡಿನ ಕೀಗಳ ಪಟ್ಟಿಯೂ ಅಲ್ಲಿ ಬೇರೆ ಬೇರೆಯಾಗಿವೆ. ಆದ್ದರಿಂದ ಕನ್ನಡಕ್ಕೆ ಬದಲಿಸಿಕೊಂಡರೆ ಧ್ವನಿಯ ಕೀ ಕೆಟ್ಟೀತೆಂದು ಹೆದರಬೇಕಿಲ್ಲ. ಧ್ವನಿ ಹೆಚ್ಚಿಸುವ ಕೀಗೆ ಇಲ್ಲಿ ಎಕ್ಸ್‌ಎಫ್86 ಆಡಿಯೊ ರೈಸ್ ವಾಲ್ಯೂಮ್ ಎಂಬ ಉದ್ದನೆಯ ಹೆಸರು, ಹಿಂದಿನ ಎಕ್ಸ್‌ಫ್ರೀ86 ಯೋಜನೆಯ ಕಾಲದಿಂದ ಉಳಿದು ಬಂದದ್ದು.

ಸಾಲಿನ ಕೊನೆಯ ಕೈ ಡೆಸ್ಕ್‌ಟಾಪ್. ಗ್ನೋಮ್, ಕೆಡಿಇ, ಸಿನಮನ್ ಬಳಸುವವರು ಇಲ್ಲಿ ಏನೂ ಮಾಡಬೇಕಿಲ್ಲ. ಹಳೆಯ ಯಂತ್ರವೆಂದು ಎಕ್ಸ್‌ಎಫ್‌ಸಿಇ ಹಾಕಿಕೊಂಡವರು ಒಂದು ಸಂಗತಿ ತಿಳಿದಿರಬೇಕು. ಅಲ್ಲಿ ಧ್ವನಿಯ ಕೀಗಳನ್ನು ನೋಡಿಕೊಳ್ಳುವುದು ಪ್ಯಾನೆಲ್ ಮೇಲಿನ ಪಲ್ಸ್‌ಆಡಿಯೊ ಪ್ಲಗಿನ್, ಬೆಳಕಿನದು ಪವರ್ ಮ್ಯಾನೇಜರ್. ಪ್ಯಾನೆಲ್ ಚೊಕ್ಕಟವಾಗಿರಲೆಂದು ಸ್ಪೀಕರ್ ಚಿತ್ರವನ್ನು ತೆಗೆದುಹಾಕಿದರೆ ಅದರ ಜೊತೆಗೆ ಕೀಗಳೂ ಹೋಗುತ್ತವೆ. ಪೂರ್ಣ ಡೆಸ್ಕ್‌ಟಾಪಿನ ಬದಲು ಐ3, ಸ್ವೇ ಬಳಸುವವರು ಪ್ರತಿ ಕೀಗೂ ಆಜ್ಞೆಯನ್ನು ತಾವೇ ಬರೆದುಕೊಳ್ಳಬೇಕು. ಧ್ವನಿಗೆ ಡಬ್ಲ್ಯುಪಿಸಿಟಿಎಲ್, ಬೆಳಕಿಗೆ ಬ್ರೈಟ್‌ನೆಸ್‌ಸಿಟಿಎಲ್ ಚೆನ್ನಾಗಿ ಒಗ್ಗುತ್ತವೆ. ಈವಿಟೆಸ್ಟ್‌ನಲ್ಲಿ ಕೀ ಕಾಣುತ್ತಿದ್ದು ಡೆಸ್ಕ್‌ಟಾಪಿನಲ್ಲಿ ಕೆಲಸವಾಗದಿದ್ದರೆ ಕರ್ನಲನ್ನು ಕೆದಕುವುದು ವ್ಯರ್ಥ, ಹುಡುಕಬೇಕಾದ್ದು ಇಲ್ಲಿ.

ಏರೋಪ್ಲೇನ್ ಚಿತ್ರದ ಕೀ ಬಗ್ಗೆ ಒಂದೇ ಮಾತು. ವೈಫೈ ಸಂಪೂರ್ಣ ಮಾಯವಾಗಿದ್ದರೆ ಆರ್‌ಎಫ್‌ಕಿಲ್ ಲಿಸ್ಟ್ ಎಂದು ಕೇಳಿ. ಸಾಫ್ಟ್ ಬ್ಲಾಕ್ ಎಂದಿದ್ದರೆ ಆಜ್ಞೆಯಿಂದಲೇ ಬಿಡಿಸಬಹುದು. ಹಾರ್ಡ್ ಬ್ಲಾಕ್ ಎಂದಿದ್ದರೆ ಲ್ಯಾಪ್‌ಟಾಪಿನ ಅಂಚಿನಲ್ಲಿ ಜಾರುವ ಸ್ವಿಚ್ ಇದೆಯೇ ನೋಡಿ. ಅಂಥ ಸ್ವಿಚ್ಚೇ ಇಲ್ಲದಿದ್ದರೆ ಕಂಪನಿಯ ಡ್ರೈವರ್ ಬಯೋಸ್‌ನ ಮಾತನ್ನು ತಪ್ಪಾಗಿ ಅರ್ಥ ಮಾಡಿಕೊಂಡಿರಬಹುದು, ಹೊಸ ಕರ್ನಲ್ ಹಾಕಿ ನೋಡಬೇಕು.

ಇಷ್ಟೆಲ್ಲ ಪದರಗಳಲ್ಲಿ ಕೀಗಳು ಕೆಲಸ ಮಾಡುವಂತೆ ಮಾಡಿದವರು ಯಾರು ಎಂದು ತಿಳಿದರೆ ಮನಸ್ಸು ತುಂಬುತ್ತದೆ. ಕರ್ನಲ್‌ನಲ್ಲಿ ಇನ್‌ಪುಟ್ ಸಾಧನಗಳ ವ್ಯವಸ್ಥೆಯನ್ನು ಕಟ್ಟಿದವರು ಜೆಕ್ ದೇಶದ ವೊಯ್ಟೆಕ್ ಪಾವ್ಲಿಕ್. ಥಿಂಕ್‌ಪ್ಯಾಡ್ ಡ್ರೈವರನ್ನು ಶುರುಮಾಡಿದವರು ಬೋರಿಸ್ಲಾವ್ ಡೆಯಾನೊವ್, ವರ್ಷಗಟ್ಟಲೆ ಸಲಹಿದವರು ಬ್ರೆಜಿಲ್‌ನ ಎನ್ರಿಕೆ ಡಿ ಮೊರಾಯಿಸ್ ಹೊಲ್ಶು. ತೋಷಿಬಾ ಲ್ಯಾಪ್‌ಟಾಪುಗಳ ಎಸಿಪಿಐ ಡ್ರೈವರ್ ಬರೆದವರು ಜಾನ್ ಬೆಲ್ಮಾಂಟೆ, ಏಸೂಸ್‌ನ ಡಬ್ಲ್ಯುಎಂಐ ಡ್ರೈವರ್ ಬರೆದವರು ಕೊರೆಂಟಾನ್ ಶಾರಿ. ಕಂಪನಿ ದಾಖಲೆ ಕೊಡದಿದ್ದಾಗ ಇಂಥ ಕೆಲಸ ಮಾಡುವ ಬಗೆ ಒಂದೇ. ಬಯೋಸ್‌ನೊಳಗಿನ ಎಸಿಪಿಐ ಪಟ್ಟಿಯನ್ನು ಹೊರತೆಗೆದು, ಬಿಚ್ಚಿ, ಓದಿ, ಯಾವ ಕೀ ಒತ್ತಿದರೆ ಯಾವ ಸಂಖ್ಯೆ ಹೊರಡುತ್ತದೆಂದು ಒಂದೊಂದೇ ಗುರುತಿಸಿಕೊಳ್ಳುವುದು. ಈಚೆಗೆ ಗಾಳಿ ಬದಲಾಗಿದೆ. ಡೆಲ್ 2012ರಲ್ಲೇ ಎಕ್ಸ್‌ಪಿಎಸ್ 13ರ ಡೆವಲಪರ್ ಆವೃತ್ತಿಯನ್ನು ಉಬುಂಟು ಸಹಿತ ಮಾರತೊಡಗಿತು. 2020ರಿಂದ ಲೆನೊವೊ ಕೂಡ ಥಿಂಕ್‌ಪ್ಯಾಡ್‌ಗಳನ್ನು ಫೆಡೋರಾ, ಉಬುಂಟು ಸಹಿತ ಕೊಡತೊಡಗಿತು; ಅದರ ಎಂಜಿನಿಯರುಗಳೇ ಈಗ ಕರ್ನಲ್‌ಗೆ ತಿದ್ದುಪಡಿ ಕಳಿಸುತ್ತಾರೆ. ಕೊಳ್ಳುವಾಗ ಲಿನಕ್ಸ್ ಜೊತೆ ಬರುವ ಮಾದರಿಯನ್ನೇ ಕೇಳುವುದು ಬಳಕೆದಾರರ ಕೈಯಲ್ಲಿರುವ ದೊಡ್ಡ ಅಸ್ತ್ರ ಎಂದು ನಾನು ನಂಬಿದ್ದೇನೆ.

ಹೊಸ ಕೀಗಳು ಬರುವುದೂ ನಿಂತಿಲ್ಲ. 2024ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಕೋಪೈಲಟ್ ಕೀಯನ್ನು ಪ್ರಕಟಿಸಿತು. ಅದನ್ನು ಒತ್ತಿದರೆ ಹೊರಡುವುದು ಎಡ ಶಿಫ್ಟ್, ವಿಂಡೋಸ್ ಕೀ ಮತ್ತು ಎಫ್23, ಮೂರೂ ಒಟ್ಟಿಗೆ. ಎಟಿಕೆಬಿಡಿ ಡ್ರೈವರಿನ ಪಟ್ಟಿಯಲ್ಲಿ ಎಫ್23ರ ಸ್ಕ್ಯಾನ್‌ಕೋಡ್ ಇರಲಿಲ್ಲ. ಅದನ್ನು ಆಮೇಲೆ ಸೇರಿಸಿದರು. ಉಪನ್ಯಾಸಕಿಯ 81ಕ್ಕೆ ಮಾಡಿದ್ದಕ್ಕಿಂತ ಬೇರೆಯೇನಲ್ಲ ಅದು.

ಹಾಗೆ ಸೇರಿಸುವ ಕೆಲಸ ಬೆಂಗಳೂರಲ್ಲೋ ಬಾಗಲಕೋಟೆಯಲ್ಲೋ ಕೂತ ಯಾರಾದರೂ ಮಾಡಬಹುದು, ಪ್ರೋಗ್ರಾಮಿಂಗ್ ಗೊತ್ತಿರಬೇಕಿಲ್ಲ. ನಿಮ್ಮ ಎರಡು ಸಾಲು ನಿಮ್ಮ ಯಂತ್ರದಲ್ಲೇ ಉಳಿದರೆ ಅದೇ ಮಾದರಿ ಇರುವ ಮತ್ತೊಬ್ಬರು ಮತ್ತೆ ಮೊದಲಿಂದ ಪರದಾಡುತ್ತಾರೆ. ಕಾಲೇಜಿನ ಲ್ಯಾಬಿನಲ್ಲಿ ಒಂದೇ ಮಾದರಿಯ ಯಂತ್ರಗಳು ಸಾಲಾಗಿದ್ದರೆ ಅಷ್ಟೂ ಜನ. ಸಿಸ್ಟಂಡಿ ಯೋಜನೆಯಲ್ಲಿ 60-ಕೀಬೋರ್ಡ್ ಹೆಸರಿನ ಕಡತವಿದೆ. ಜಗತ್ತಿನ ಬೇರೆ ಬೇರೆ ಕಡೆಯ ಬಳಕೆದಾರರು ಕಳಿಸಿದ ಇಂಥ ಸಾಲುಗಳೇ ಅದರ ತುಂಬ. ಅಲ್ಲಿಗೆ ಸೇರಿದ್ದು ಮುಂದಿನ ಬಿಡುಗಡೆಯ ಹೊತ್ತಿಗೆ ಉಬುಂಟು, ಫೆಡೋರಾ, ಡೆಬಿಯನ್ ಎಲ್ಲಕ್ಕೂ ಹರಿದು ಹೋಗುತ್ತದೆ. ಕಳಿಸುವಾಗ ಬೇಕಾದ್ದು ಇಷ್ಟು: ತಯಾರಕರ ಮತ್ತು ಮಾದರಿಯ ಹೆಸರಿರುವ ಡಿಎಂಐ ಸಾಲು, ಕೀಯ ಸ್ಕ್ಯಾನ್‌ಕೋಡ್, ಅದರ ಮೇಲೆ ಅಚ್ಚಾಗಿರುವ ಚಿತ್ರ ಏನು ಹೇಳುತ್ತದೆ ಎಂಬುದು. ಮಾದರಿಯ ಹೆಸರನ್ನು ಪೂರ್ತಿ ಬರೆಯಿರಿ. ಕಂಪನಿಯ ಹೆಸರಿನ ಮುಂದೆ ನಕ್ಷತ್ರ ಹಾಕಿ ಬಿಟ್ಟರೆ ಅದೇ ಕಂಪನಿಯ ಬೇರೆ ಮಾದರಿಗಳಿಗೂ ನಿಮ್ಮ ಸಾಲು ಅನ್ವಯವಾಗುತ್ತದೆ, ಆ ಮಾದರಿಗಳಲ್ಲಿ 81 ಎಂದರೆ ಇನ್ನಾವುದೋ ಕೀ ಆಗಿರಬಹುದು.